ಹೆಪ್ಪು

ಈ ದಿಬ್ಬ ನನಗೆ ಗೊತ್ತು.
ಟಿಪ್ಪರಿನ ಬೆನ್ನೆತ್ತಿ ಸುರಿದವನು ನಾನೇ,
ರಾತ್ರಿಗೆ ಹನ್ನೊಂದು ಟ್ರಿಪ್ಪು,
ಅದಿರಲ್ಲದ್ದು, ಮಾರಲಾಗದ್ದು, ಗುಡ್ಡದ ಕರುಳು.
ಆಗ ಸಂಡೂರಲ್ಲಿ ಕೆಮ್ಮಿದರೂ ಕೆಂಪು,
ಒಗೆದ ಅಂಗಿ ಒಣಗುವಷ್ಟರಲ್ಲಿ ಕೆಂಪು,
ಮಳೆ ಬಂದರೆ ನಾರಿಹಳ್ಳ
ಕುಂಕುಮ ಕದಡಿದ ಹಾಗೆ.
ಟ್ರಿಪ್ಪಿನ ಲೆಕ್ಕ ಇಟ್ಟೆ. ಮಿಕ್ಕಿದ್ದು ನೋಡಲಿಲ್ಲ.

ಗಣಿ ನಿಂತಿತು. ಟಿಪ್ಪರಿಗೆ ತುಕ್ಕು ಹಿಡಿದು
ಗುಜರಿಗೆ ಹೋಯಿತು.
ಈಗ ಅದೇ ದಾರಿಯಲ್ಲಿ ನೀರಿನ ಟ್ಯಾಂಕರು ಹತ್ತಿಸುತ್ತೇನೆ,
ಅದೇ ತಿರುವು, ಅದೇ ಸೆಕೆಂಡ್ ಗೇರು.

ಮೊದಲು ನೆಟ್ಟದ್ದು ನೀಲಗಿರಿ.
ಫೋಟೋ ತೆಗೆಸಿದರು, ಬೋರ್ಡು ಬರೆಸಿದರು.
ಶಿವರಾತ್ರಿಗೆಲ್ಲ ಬರೀ ಕಡ್ಡಿ.
ಬೋರ್ಡಿನ ಹಸಿರು ಬಣ್ಣ ಮಾತ್ರ ಮಾಸಲಿಲ್ಲ.
ಹೊಯ್ದ ನೀರು ಕೆಳಗಿಳಿಯದೆ
ತಗಡಿನ ಮೇಲೆ ಬಿದ್ದಂತೆ ಓಡಿಹೋಗುತ್ತಿತ್ತು.
ಮಳೆ ಬಿದ್ದರೂ ಅಲ್ಲಿ ಮಣ್ಣು ಘಮ್ಮೆನ್ನುತ್ತಿರಲಿಲ್ಲ.
ನನಗದು ಗಮನಕ್ಕೇ ಬಂದಿರಲಿಲ್ಲ, ಗಮ್ಲಿಬಾಯಿ ಹೇಳಿದಳು:
"ಸತ್ತದ್ದಾದ್ರೂ ನಾರ್ತದೆ. ಇದಕ್ಕೆ ಅದೂ ಇಲ್ಲ."

ಗಮ್ಲಿಬಾಯಿ ತಾಂಡಾದವಳು, ಈಗ ನರ್ಸರಿಯಲ್ಲಿದ್ದಾಳೆ.
ಸುತ್ತಿಗೆ ಹಿಡಿದು ಅದಿರು ಕುಟ್ಟಿದ ಕೈ,
ಎರಡು ಉಗುರು ಗಣಿಯಲ್ಲೇ ಬಿಟ್ಟಿದ್ದಾಳೆ.
ಆಚೆ ಓರೆಯಲ್ಲಿ ಹಳೆಯ ಕಾಡು ಒಂದಿಷ್ಟಿದೆ,
ಕಮರ, ದಿಂಡಿಗ, ಕಗ್ಗಲಿ.
ಲಾರಿಗೆ ದಾರಿಯಿಲ್ಲದ್ದಕ್ಕೆ ಉಳಿದದ್ದು,
ಯಾರ ಪುಣ್ಯದಿಂದಲೂ ಅಲ್ಲ.
ಅವುಗಳ ಬುಡದಿಂದ ಎರಡು ಪುಟ್ಟಿ ಮಣ್ಣು ಬೇಕೆಂದಳು.
ಇಷ್ಟು ದೊಡ್ಡ ದಿಬ್ಬಕ್ಕೆ ಎರಡು ಪುಟ್ಟಿಯೇ?
ನನ್ನದು ಟನ್ನಿನ ಲೆಕ್ಕ.
"ಕೊಡ ಹಾಲಿಗೆ ನಿನ್ನ ಹೆಂಡ್ತಿ ಎಷ್ಟು ಹೆಪ್ಪು ಹಾಕ್ತಾಳೆ?"

ಹೋಗುವಷ್ಟರಲ್ಲಿ ಹೊತ್ತು ಮುಳುಗಿತ್ತು.
ಸಲಿಕೆ ಎತ್ತಿದೆ, ಕೈ ಹಿಡಿದಳು.
ದೀಪ ಹಚ್ಚಿದ ಮೇಲೆ ಯಾರ ಮನೆಯಲ್ಲೂ
ಹೆಪ್ಪು ಕೇಳಬಾರದಂತೆ.
ಖಾಲಿ ಪುಟ್ಟಿ ಹೊತ್ತು ಇಳಿದೆವು,
ಡೀಸೆಲ್ ದಂಡ ಎಂದು ನಾನು ಗೊಣಗುತ್ತ.
ಮರುದಿನ ಬೆಳಿಗ್ಗೆ ಕೇಳಿಯೇ ತೆಗೆದಳು,
ಯಾರನ್ನು ಕೇಳಿದಳೋ, ಅವಳ ಮಾತು ನನಗೆ ಬಾರದು.
ತರಗೆಲೆ ಸರಿಸಿದರೆ ಕರಿಮಣ್ಣು,
ಅದರೊಳಗೆ ಹಳೆ ರೊಟ್ಟಿಯ ಬೂಷ್ಟಿನಂಥ ಬಿಳಿ ಎಳೆ,
ಉಸಿರು ತಾಗಿದರೂ ಹರಿಯುವಂಥದು.

ಗುಂಡಿಗೊಂದು ಹಿಡಿ.
ಬಂದರಿಕೆ, ತಂಗಡಿ, ಕೊಗ್ಗೆ,
ಆಡು ಕೂಡ ಮೂಸಿ ಬಿಡುವ ಗಿಡಗಳು.
ಎರಡನೇ ವರ್ಷ ಗೆದ್ದಲು ಕಂಡಿತೆಂದು
ಗಮ್ಲಿಬಾಯಿ ಬೆಲ್ಲ ಹಂಚಿದಳು.
ಮೇಲಿನ ಮೂರನೇ ಮೆಟ್ಟಿಲಲ್ಲಿ
ಇವತ್ತಿಗೂ ಏನೂ ಹುಟ್ಟಿಲ್ಲ.
ಅಲ್ಲಿ ಏನು ಸುರಿದಿದ್ದೆನೋ ನೆನಪಿಲ್ಲ.
ನೆನಪಿಲ್ಲ ಎಂದೇ ಎಲ್ಲರಿಗೂ ಹೇಳುತ್ತೇನೆ.

ಹೊಸಪೇಟೆಯಿಂದ ತಸ್ಲೀಮಾ ಬರುತ್ತಾಳೆ,
ಚೀಲದಲ್ಲಿ ಗಾಜಿನ ಕೊಳವೆ, ಭೂತಗನ್ನಡಿ.
ಒಂದು ಕೊಗ್ಗೆ ಕಿತ್ತು ಬೇರು ತೊಳೆದಳು,
ಬೇರಿಗೆ ಸಜ್ಜೆ ಕಾಳಿನಂಥ ಗಂಟುಗಳು.
ಉಗುರಿನಿಂದ ಒಂದನ್ನು ಸೀಳಿದಳು.
ಒಳಗೆ ಕೆಂಪು.
"ಕಬ್ಬಿಣವೇ ಅಣ್ಣಾ, ನಿಮ್ಮ ರಕ್ತದಲ್ಲಿ ಇದ್ದಹಾಗೆ.
ಇದರೊಳಗೆ ಕೂತ ಜೀವಗಳು
ಗಾಳಿ ಹಿಡಿದು ಗಿಡಕ್ಕೆ ಉಣ್ಣಿಸ್ತವೆ."
ಇದಕ್ಕೆ ಪರ್ಮಿಟ್ ಇದೆಯಾ ಎಂದೆ. ನಕ್ಕಳು.
ನನಗೆ ಅಷ್ಟು ನಗು ಬರಲಿಲ್ಲ.
ಎಷ್ಟು ಸಾವಿರ ಟನ್ನು ಸಾಗಿಸಿದ್ದೆ,
ಕಬ್ಬಿಣ ಕೆಲಸ ಮಾಡುವುದನ್ನು
ನೋಡಿದ್ದು ಇದೇ ಮೊದಲು.

ಮೊನ್ನೆ ನಾಲ್ಕು ಹನಿ ಬಿದ್ದವು.
ಟ್ಯಾಂಕರಿನ ಕಿಟಕಿ ಇಳಿಸಿದ್ದೆ,
ಅದೇ ತಿರುವಿನಲ್ಲಿ ಘಮ್ಮೆಂದಿತು.
ಕೆಳಗಿನ ಹೊಲದ್ದಿರಬೇಕು ಎಂದುಕೊಂಡೆ.
ಗಾಳಿ ಮೇಲಿನಿಂದ ಬೀಸುತ್ತಿತ್ತು.
ಗಾಡಿ ನಿಲ್ಲಿಸಿದೆ. ಅಲ್ಲಿ ನಿಲ್ಲಿಸಬಾರದು,
ಹಿಂದಿನಿಂದ ಟಿಪ್ಪರು ಬಂದೀತೆಂಬ ಹೆದರಿಕೆ
ಇನ್ನೂ ಕಾಲಲ್ಲಿದೆ.

ಹತ್ತಿತಾ, ಎಂದು ಕೇಳಿದೆ.
ಗಮ್ಲಿಬಾಯಿ ಮಣ್ಣಿಗೆ ಬೆರಳಿಟ್ಟು ನೋಡಿದಳು,
ಗಡಿಗೆಯ ಮುಚ್ಚಳ ಸರಿಸಿ ನೋಡುವವಳಂತೆ.
"ಇನ್ನೂ ಇಲ್ಲ. ಅಲುಗಾಡಿಸಬ್ಯಾಡ."

ಅವತ್ತಿನಿಂದ ಆ ತಿರುವು
ಫಸ್ಟ್ ಗೇರಿನಲ್ಲೇ ಹತ್ತುತ್ತೇನೆ.